ಲಕೋಟೆಯ ಮೇಲಿನ ಸಹಿ

ವಿಲ್ಲರ್ಡ್‌ನ ಮತಪತ್ರ ಅಂಚೆಯಲ್ಲಿ ಬಂದು ಒಂಬತ್ತು ದಿನವಾಗಿತ್ತು. ಮುಂದಿನ ಕೋಣೆಯಲ್ಲಿ ಹಾಕಿದ್ದ ಆಸ್ಪತ್ರೆ ಮಂಚದ ಪಕ್ಕ, ಮಾತ್ರೆ ಡಬ್ಬಿಗಳ ಕೆಳಗೆ ಬಿದ್ದುಕೊಂಡಿತ್ತು. ವಿಸ್ಕಾನ್ಸಿನ್ ರಾಜ್ಯದ ಅರ್ಧ ಜನಕ್ಕೆ ಸಾಕಾಗುವಷ್ಟು ಹಾಲು ಕರೆದ ಮನುಷ್ಯ ಈಗ ಒಂದು ಚಮಚ ಸೂಪು ನುಂಗಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ಶ್ವಾಸಕೋಶ ಹೋಗಿತ್ತು. ಹಟ ಮಾತ್ರ ಜಗ್ಗಿರಲಿಲ್ಲ.

"ಮೇಲಿನ ಒಂದು ಖಾಲಿ ಬಿಡ್ತೀನಿ," ಎಂದ. "ಉಳಿದಿದ್ದೆಲ್ಲ ನಮ್ಮ ಪಕ್ಷದೋರಿಗೇ. ಅಧ್ಯಕ್ಷನಾಗೋಕೆ ನಿಂತಿರೋನು ಮಾತ್ರ ಬೇಡ. ಹೆತ್ತ ತಾಯೀನ ಕೋರ್ಟಿಗೆಳೆದು ಹೊಲ ಕಿತ್ಕೊಂಡೋನು ಅವನು. ಬೈಬಲ್ ಹಿಡ್ಕೊಳ್ಳೋದು ನೋಡು ಟಿವೀಲಿ, ಕೋಳಿ ಕತ್ತು ಹಿಡ್ದಂಗೆ."

"ನಾವೇನು ಅವನಿಗೆ ಮಗಳ್ನ ಕೊಡ್ತಿದೀವಾ?" ಹೆಂಡತಿ ಅರ್ಡಿಸ್ ದಿಂಬು ಕುಟ್ಟಿ ಸರಿಮಾಡಿದಳು. "ಗರ್ಭಪಾತ ಬೇಡ ಅನ್ನೋ ಜಡ್ಜುಗಳನ್ನ ಕೂರಿಸೋನು ಅವನು. ಹೊಟ್ಟೇಲಿರೋ ಮಕ್ಕಳ ಪರ ನಿಲ್ಲೋರು ಬೇಕೋ ಬೇಡ್ವೋ? ಮೂಗು ಮುಚ್ಕೊಂಡು ಹಾಕು."

ವಿಲ್ಲರ್ಡ್ ಮೂಗಿಗೆ ಸಿಕ್ಕಿಸಿದ್ದ ಆಮ್ಲಜನಕದ ಕೊಳವೆ ಮುಟ್ಟಿ ತೋರಿಸಿದ. "ನಾನು ಮೂಗು ಮುಚ್ಕೊಂಡ್ರೆ ನಿನಗೆ ನಾಳೇನೇ ಶವಪೆಟ್ಟಿಗೆ ಖರ್ಚು ಕಣೇ."

ಇಬ್ಬರೂ ನಕ್ಕರು. ಅವನ ನಗು ಕೆಮ್ಮಾಗಿ, ಕೆಮ್ಮು ರಕ್ತವಾಗಿ, ಅವಳು ಬಟ್ಟಲು ಹಿಡಿದು ನಿಂತಳು.

ಬಟ್ಟಲು ತೊಳೆದು ಬಂದು ಮತ್ತೆ ಶುರು ಮಾಡಿದಳು. ಕಾಫಿ ಕೊಡುವಾಗ ಹೇಳಿದಳು, ಕಾಲು ಒತ್ತುವಾಗ ಹೇಳಿದಳು, ಊಟದ ಪ್ರಾರ್ಥನೆಯ ನಡುವೆಯೂ ತುರುಕಿದಳು. ಕಲ್ಲಿಗೆ ಹೇಳಿದ್ದರೆ ಕಲ್ಲೇ ಎದ್ದು ಹೋಗಿ ಓಟು ಹಾಕಿ ಬರುತ್ತಿತ್ತು. ಅವಳಿಗೂ ಆ ಅಭ್ಯರ್ಥಿಯನ್ನು ಕಂಡರೆ ಆಗುತ್ತಿರಲಿಲ್ಲ. ತಾನೊಬ್ಬಳೇ ಈ ಹೇಸಿಗೆ ಯಾಕೆ ನುಂಗಬೇಕು ಎಂಬುದೂ ಒಳಗೆಲ್ಲೋ ಇತ್ತು.

ಹತ್ತನೆಯ ದಿನ ಬೇರೇನೂ ತೋಚದೆ ಅಂದುಬಿಟ್ಟಳು: "ಇನ್ನೆಷ್ಟು ದಿನ ನೀನು? ದೇವರ ಮುಂದೆ ಹೋಗಿ ನಿಂತಾಗ ಆ ಮಕ್ಕಳು ನಿನ್ನ ಕೇಳ್ತವೆ, ವಿಲ್ಲರ್ಡ್."

ಅವನು ಅವಳನ್ನೇ ನೋಡಿದ. ಐವತ್ತೆಂಟು ವರ್ಷದಲ್ಲಿ ಒಂದು ಸಲವೂ ಹಾಗೆ ನೋಡಿರಲಿಲ್ಲ.

"ಪೆನ್ನು ಕೊಡು," ಎಂದ.

ಮೇಲಿನ ಸಾಲಿನಲ್ಲಿ ಆ ಹೆಸರಿನ ಪಕ್ಕದ ಸಣ್ಣ ಅಂಡಾಕಾರ ತುಂಬಿಸಲು ಅವನಿಗೆ ಹತ್ತು ನಿಮಿಷ ಹಿಡಿಯಿತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದ. ಅವತ್ತು ಸೂಪು ಮುಟ್ಟಲಿಲ್ಲ.

ಲಕೋಟೆಯ ಮೇಲೆ ಸಾಕ್ಷಿ ಸಹಿ ಮಾಡಬೇಕಿದ್ದವಳು ಅರ್ಡಿಸ್. ಯಾರ ಪರವಾಗಿಯೂ, ಯಾರ ವಿರುದ್ಧವೂ ಮತದಾರರಿಗೆ ನಾನು ಸಲಹೆ ಕೊಟ್ಟಿಲ್ಲ ಎಂದು ಅಲ್ಲಿ ಅಚ್ಚಾಗಿತ್ತು. ಇಪ್ಪತ್ತಾರು ವರ್ಷ ಮತಗಟ್ಟೆಯ ಮೇಜಿನಲ್ಲಿ ಕೂತವಳಿಗೆ ಆ ಸಾಲು ಬಾಯಿಪಾಠ. ಅದರ ಕೆಳಗೆ ದುಂಡಗೆ ಹೆಸರು ಬರೆದಳು, ವಿಳಾಸ ಬರೆದಳು, ಅಂಚೆಗೆ ಹಾಕಿದಳು.

ಚುನಾವಣೆಗೆ ಎರಡು ದಿನ ಇರುವಾಗ, ಭಾನುವಾರ ಬೆಳಿಗ್ಗೆ ಚರ್ಚಿನ ಹೊತ್ತಿಗೆ ವಿಲ್ಲರ್ಡ್ ತೀರಿಕೊಂಡ. ಆ ಹತ್ತನೆಯ ದಿನದ ನಂತರ ಅವನು ಹೆಂಡತಿಯ ಹತ್ತಿರ ಆಡಿದ್ದು ನೀರು, ನೋವು, ದೀಪ ಆರಿಸು, ಇಷ್ಟೇ.

ಸೋಮವಾರ ಮಧ್ಯಾಹ್ನ ಪಕ್ಕದ ಹೊಲದ ಡ್ವೇನ್, ಹಂದಿಮಾಂಸ ಇಟ್ಟ ಬನ್ನುಗಳ ತಟ್ಟೆ ಹಿಡಿದು ಬಂದ. ಊರಲ್ಲಿ ಪಕ್ಷದ ಕೆಲಸ ಅವನದೇ. ಕಣ್ಣೊರೆಸಿಕೊಂಡ, ಟೋಪಿ ತಿರುಗಿಸಿದ, ಆಮೇಲೆ ವಿಷಯಕ್ಕೆ ಬಂದ.

"ಸಾವಿನ ಸುದ್ದಿ ಪೇಪರಲ್ಲಿ ಬುಧವಾರ ಹಾಕ್ಸಿ, ಅರ್ಡಿಸಮ್ಮ. ವಿಲ್ಲರ್ಡಣ್ಣ ಹೋದ್ರು ಅಂತ ನಾಳೆ ಎಣಿಕೆಗೆ ಮುಂಚೆ ಚುನಾವಣೆ ಕ್ಲರ್ಕಿಗೆ ಗೊತ್ತಾದ್ರೆ ಅವರ ಓಟು ಎಣಿಸೋ ಹಂಗಿಲ್ಲ. ಈ ಸಲ ಒಂದೊಂದೂ ಬೇಕು."

"ದೊಡ್ಡ ಊರಲ್ಲಿ ಹೆಣಗಳು ಕ್ಯೂ ನಿಂತು ಓಟು ಹಾಕ್ತವೆ ಅಂತ ಇಪ್ಪತ್ತು ವರ್ಷದಿಂದ ಬೊಬ್ಬೆ ಹೊಡೆದೋನು ನೀನೇ ಅಲ್ವೇನೋ? ಈಗ ನನ್ನ ಗಂಡನ್ನೇ ಎಬ್ಬಿಸ್ಕೊಂಡು ಹೋಗೋಕೆ ಬಂದ್ಯಾ?"

"ಅದು ಬೇರೆ. ವಿಲ್ಲರ್ಡಣ್ಣ ಬದುಕಿದ್ದಾಗಲೇ ಮನಸಾರೆ ಹಾಕಿದ್ದಲ್ವಾ?"

ಅರ್ಡಿಸ್ ಬನ್ನಿನ ತಟ್ಟೆಯನ್ನು ಅವನ ಕೈಗೇ ವಾಪಸ್ ಕೊಟ್ಟಳು.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಮತಗಟ್ಟೆಯ ಬಾಗಿಲಲ್ಲಿ ಅವಳೇ ಮೊದಲು. ಆ ಕಾಗದ ತೆಗೆಸಿಬಿಟ್ಟರೆ ವಿಲ್ಲರ್ಡ್ ಆ ಅಭ್ಯರ್ಥಿಗೆ ಓಟು ಹಾಕದೆ, ತನಗೆ ಬೇಕಾದ ಹಾಗೆ ಹೋದಂತಾಗುತ್ತದೆ ಎಂದು ರಾತ್ರಿಯಿಡೀ ತನಗೆ ತಾನೇ ಹೇಳಿಕೊಂಡಿದ್ದಳು. ಕ್ಲರ್ಕ್ ನೆಲ್ಡಾ ಅವಳ ಚರ್ಚಿನವಳೇ.

"ವಿಲ್ಲರ್ಡ್ ಭಾನುವಾರ ಹೋದ. ಅವನ ಲಕೋಟೆ ಆಚೆ ತೆಗಿ. ತಗೋ, ಡಾಕ್ಟರ ಚೀಟಿ."

ನೆಲ್ಡಾ ಲಕೋಟೆ ಹುಡುಕಿ, ಮೇಲೆ ಕೆಂಪು ಶಾಯಿಯಲ್ಲಿ ಬರೆದು ಪಕ್ಕಕ್ಕಿಟ್ಟಳು. ಎದ್ದು ಬಂದು ತಬ್ಬಿಕೊಂಡಳು. "ನೋಡ್ರಪ್ಪಾ, ಪ್ರಾಮಾಣಿಕತೆ ಅಂದ್ರೆ ಇದು," ಎಂದು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಅಂದಳು.

"ನೆಲ್ಡಾ, ಆ ಸಹಿ..." ಅಂದಳು ಅರ್ಡಿಸ್.

"ಅಳು, ಅತ್ತುಬಿಡು," ಎಂದು ನೆಲ್ಡಾ ಬೆನ್ನು ತಟ್ಟಿದಳು. ಸಾಲಿನಲ್ಲಿದ್ದ ಗಂಡಸರು ಟೋಪಿ ತೆಗೆದರು. ಅರ್ಡಿಸ್ ತನ್ನ ಮತಪತ್ರಕ್ಕೆ ಕೈ ಚಾಚಿದಳು.

ಅದನ್ನು ಹಿಡಿದು ಓಟು ಹಾಕುವ ಮರೆಯೊಳಗೆ ನಿಂತಳು. ಮೇಲಿನ ಸಾಲು ಖಾಲಿ ಬಿಡಲು ಮನಸ್ಸು ಬಂತು. ಬಿಟ್ಟರೆ ಅವನ ಕೊನೆಯ ದಿನಗಳನ್ನು ಕಿತ್ತುಕೊಂಡದ್ದು ಯಾತಕ್ಕೆ? ಕಾಗದ ಹರಿಯುವಷ್ಟು ಒತ್ತಿ ಆ ಅಂಡಾಕಾರ ತುಂಬಿದಳು. ಯಂತ್ರ ಅದನ್ನು ನುಂಗಿತು.

ಹೊರಗೆ ಡ್ವೇನ್ ತಲೆ ತಗ್ಗಿಸಿಕೊಂಡು ಹತ್ತಿರ ಬಂದ. "ಹಾಕಿದ್ರಾ, ಅಮ್ಮಾ?"

"ಎರಡು ಸಲ," ಎಂದಳು ಅರ್ಡಿಸ್. "ಒಂದು ತೆಗೆದ್ರು."

ಅವಳು ಕಾರು ತಿರುಗಿಸಿದಳು. ಹತ್ತು ಗಂಟೆಯೊಳಗೆ ಹೆಣಕ್ಕೆ ಹಾಕುವ ಸೂಟು ಶವಸಂಸ್ಕಾರದವರಿಗೆ ತಲುಪಿಸಬೇಕಿತ್ತು.