ಧೂಳಪ್ಪನ ಎರಡನೇ ಮೃತ್ಯುಪತ್ರ

ಹನ್ನೊಂದು ಎಕರೆ ಎರೆ ಹೊಲದ ಒಡೆಯನಾಗುವ ದಿನ ಧೂಳಪ್ಪನಿಗೆ ತೊಡಲು ಅಂಗಿ ಇರಲಿಲ್ಲ. ಇದ್ದ ಒಂದು ಅಂಗಿ ಹಿಂದಿನ ವಾರ ಬಾರುಕೋಲಿನ ಏಟಿಗೆ ಬೆನ್ನಿನ ಮೇಲೇ ಹರಿದಿತ್ತು. ಎತ್ತು ಜೋಳದ ರಾಶಿಗೆ ಬಾಯಿ ಹಾಕಿದ್ದಕ್ಕೆ ಬಿದ್ದ ಏಟು. ಒಣಗಿದ ರಕ್ತಕ್ಕೆ ಬಟ್ಟೆ ಅಂಟಿಕೊಂಡಿತ್ತು. ಹೆಂಡತಿ ಸುಗಲಾಬಾಯಿ ಬಿಸಿನೀರು ಹಾಕಿ ಬಿಡಿಸುವಾಗ ಬಟ್ಟೆಯ ಜೊತೆ ಚರ್ಮವೂ ಎದ್ದು ಬಂತು.

ಧಣಿ ಶಾಂತಲಿಂಗಪ್ಪ ತನ್ನದೊಂದು ಹಳೆಯ ಅಂಗಿಯನ್ನು ಅಂಗಳಕ್ಕೆ ಎಸೆದ. "ಹಾಕ್ಕೊ. ಸೋಲಾಪುರಕ್ಕ ಹೋಗೂದದ. ನಿನ್ನ ಹೆಣ್ತಿನೂ ಬರಲಿ. ನಾಳಿಗಿ ಅಕಿ ತಕರಾರ ತೆಗೀಬಾರದು."

ಅದು ೧೯೭೦ರ ಬೇಸಿಗೆ. ಹೆಚ್ಚು ಹೊಲ ಇದ್ದವರಿಂದ ಸರಕಾರ ಕಿತ್ತುಕೊಳ್ಳುತ್ತದೆ ಎಂಬ ಸುದ್ದಿ ಅವರ ಊರು ವಾಗದರಿಯಲ್ಲೂ ಹಬ್ಬಿತ್ತು. ಶಾಂತಲಿಂಗಪ್ಪ ತನ್ನ ಏಳು ಮಂದಿ ಆಳುಗಳ ಹೆಸರಿಗೆ ಹೊಲ ಮಾರಿದಂತೆ ಕಾಗದ ಮಾಡಿಸುತ್ತಿದ್ದ. ಕಾಗದದಲ್ಲಿ ಹೊಲ ಆಳಿನದು. ನೆಲದ ಮೇಲೆ ಎಲ್ಲವೂ ಧಣಿಯದು.

ಸೋಲಾಪುರದ ನೋಂದಣಿ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕಾಗದ ಬರೆಯುವ ಸಿದ್ದರಾಮಪ್ಪ ಕೂತಿದ್ದ. ಖರೀದಿ ಪತ್ರ ಬರೆದ. ಒಳಗೆ ಹೋಗಿ ಧೂಳಪ್ಪ ಹೆಬ್ಬೆಟ್ಟು ಒತ್ತಿ ಬಂದ. ಅದರ ಬೆನ್ನಿಗೇ ಇನ್ನೊಂದು ಕಾಗದ ಮುಂದೆ ಬಂತು. ಅದೂ ಮರಾಠಿಯಲ್ಲೇ ಇತ್ತು.

"ಇದೇನ್ರಿ?" ಎಂದಳು ಸುಗಲಾಬಾಯಿ.

ಧಣಿಯ ಮಗ ಅಣ್ಣಾರಾಯ ಅವಳ ಕಪಾಳಕ್ಕೆ ಬಾರಿಸಿದ. ಕಿವಿಯೋಲೆ ಕಿತ್ತು ಮಣ್ಣಿಗೆ ಬಿತ್ತು. "ನಿನ್ನ ಕೇಳಿ ಬರಿಸಬೇಕೇನ?"

ಧೂಳಪ್ಪ ತಲೆ ತಗ್ಗಿಸಿ ಹೆಬ್ಬೆಟ್ಟು ಒತ್ತಿದ. ಅಪ್ಪ ಮಗ ಚಹಾಕ್ಕೆ ಹೋದಾಗ ಸಿದ್ದರಾಮಪ್ಪ ಅವಳಿಗೆ ಕಿವಿ ತೊಳೆದುಕೊಳ್ಳಲು ನೀರು ಕೊಟ್ಟ. ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ.

"ತಂಗಿ, ಅದು ಮೃತ್ಯುಪತ್ರ. ನಿನ ಗಂಡ ಸತ್ತ ಮ್ಯಾಲ ಹನ್ನೊಂದೂ ಎಕರೆ ಅಣ್ಣಾರಾಯಗ ಅಂತ ಬರದದ."

"ಮತ್ತ ಇದನ್ನ ಅಳಸಾಕ ಬರಾಂಗಿಲ್ಲೇನ್ರಿ?"

"ಅಳಸೂದು ಬ್ಯಾಡ. ಜೀವಂತ ಇರೂತನಕ ಯಾವಾಗ ಬೇಕಾದ್ರ ಹೊಸಾದು ಬರಿಸಬಹುದು. ಕಡೀಗಿ ಬರಿಸಿದ್ದೇ ನಡೀತದ." ಅಷ್ಟು ಹೇಳಿ ಅವನು ಬೇರೆಯವರ ಅರ್ಜಿ ಕೈಗೆತ್ತಿಕೊಂಡ.

ಊರಿಗೆ ಬಂದ ಮೇಲೆ ಸುಗಲಾಬಾಯಿ ಇದನ್ನು ಗಂಡನಿಗೆ ಹೇಳಿದಳು. "ದೊಡ್ಡವರ ಉಸಾಬರಿ ನಮಗ್ಯಾಕ?" ಎಂದು ಅವನು ಮಗ್ಗುಲಾದ.

ಮಳೆಗಾಲ ಬಂತು. ಬಿತ್ತುವಾಗ ಧೂಳಪ್ಪ ಧೈರ್ಯ ಮಾಡಿ ಕೇಳಿದ. "ಧಣಿ, ಬದುವಿನ ಬಾಜೂಕ ನಾಕ ಸಾಲು ತೊಗರಿ ನಾ ಹಾಕ್ಕೋತೀನ್ರಿ. ಹೆಂಗೂ ನನ್ನ ಹೆಸರಿಗಿ ಅದಲ್ಲ."

ಆ ಕಡೆಯ ಮಾತು ಬಾಯಿಂದ ಬೀಳಬಾರದಿತ್ತು. ಅಣ್ಣಾರಾಯ ಅವನನ್ನು ನೊಗಕ್ಕೆ ಕಟ್ಟಿಸಿದ. ಬಾರುಕೋಲು ತುಂಡಾಗುವ ತನಕ ಹೊಡೆದ. ಉಳಿದ ಆರೂ ಆಳುಗಳನ್ನು ಸಾಲಾಗಿ ನಿಲ್ಲಿಸಿ, "ಯಾರ ಹೆಸರಿಗಿ ಏನೈತಿ? ಹೇಳ್ರಿ!" ಎಂದು ಕೂಗಿದ.

ಗಾಯಕ್ಕೆ ಅರಿಶಿನ ಹಚ್ಚುತ್ತ ಸುಗಲಾಬಾಯಿ ಹೇಳಿದಳು. "ನೀ ಸತ್ತರ ಅವರಿಗಿ ಹೊಲ ಬರತದ. ನೀ ಬದಕಿದ್ರ ಏನ ಬರತದ? ಒಂದೀಟು ಇಚಾರ ಮಾಡು."

ಧೂಳಪ್ಪ ಎದ್ದು ಕೂತ. "ನಡಿ, ಸೋಲಾಪುರಕ್ಕ ಹೋಗೂಣು. ನಿಂಗಣ್ಣನ್ನೂ ಕರಿ. ಸಾಕ್ಷಿ ಬೇಕಾಗ್ತದ."

ನಿಂಗಣ್ಣನೂ ಅದೇ ಮನೆಯ ಆಳು. ಅವನ ಹೆಸರಿಗೆ ಒಂಬತ್ತು ಎಕರೆ ಇತ್ತು.

ಈ ಸಲ ಸಿದ್ದರಾಮಪ್ಪ ಬರೆದದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ. ಹಿಂದಿನದು ರದ್ದು. ತನ್ನ ನಂತರ ಎಲ್ಲ ಹೊಲವೂ ಹೆಂಡತಿ ಸುಗಲಾಬಾಯಿಗೆ. ನಿಂಗಣ್ಣ ಮತ್ತು ಸಿದ್ದರಾಮಪ್ಪ ಸಾಕ್ಷಿ ಹಾಕಿದರು. ಕಾಗದ ನೋಂದಣಿಯಾಯಿತು. "ಇದು ನಿಮ್ಮ ಹಂತ್ಯಾಕ ಇರ್ಲಿರಿ" ಎಂದು ಸುಗಲಾಬಾಯಿ ಅದನ್ನು ಸಿದ್ದರಾಮಪ್ಪನ ಕೈಯಲ್ಲೇ ಇಟ್ಟು ಬಂದಳು.

ಕಚೇರಿಯಲ್ಲಿ ಅವರನ್ನು ಯಾರೋ ನೋಡಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಅಣ್ಣಾರಾಯನ ಕಡೆಯವರು ಧೂಳಪ್ಪನನ್ನು ಕೊಟ್ಟಿಗೆಗೆ ಎಳೆದೊಯ್ದರು. ಹಿಂದೆ ಓಡಿದ ಸುಗಲಾಬಾಯಿಯನ್ನು ಇಬ್ಬರು ಬಾಗಿಲಲ್ಲೇ ಕೆಡವಿ ತುಳಿದು ಹಿಡಿದರು. ಅಲ್ಲಿಂದಲೇ ಅವಳು ಎಲ್ಲವನ್ನೂ ಕಂಡಳು.

ಅಣ್ಣಾರಾಯ ಹೊಸ ಕಾಗದ ಹಾಸಿದ. ಮಸಿಯ ಡಬ್ಬಿ ತೆರೆದ. "ಎರಡನೇದು ರದ್ದು ಅಂತ ಬರದದ. ಒತ್ತು."

ಧೂಳಪ್ಪ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದ.

"ಒತ್ತಲೇ!"

"ಒತ್ತಾಂಗಿಲ್ಲ."

ಹುಟ್ಟಿದಂದಿನಿಂದ ಧೂಳಪ್ಪ ಆ ಮನೆಯಲ್ಲಿ ಇಲ್ಲ ಎಂದದ್ದು ಅದೇ ಮೊದಲು. ಅವನ ಕೈಯನ್ನು ದನ ನೀರು ಕುಡಿಯುವ ಕಲ್ಲಿನ ಬಾನಿಯ ಅಂಚಿಗಿಟ್ಟು ಕೊಡಲಿಯ ಹಿಂಬದಿಯಿಂದ ಹೊಡೆದರು. ಮುಷ್ಟಿ ಬಿಚ್ಚಲಿಲ್ಲ. ಮತ್ತೆ ಹೊಡೆದರು. ಒಂದೊಂದೇ ಬೆರಳು ಮುರಿದು ಬಿಚ್ಚುವ ಹೊತ್ತಿಗೆ ಹೆಬ್ಬೆರಳು ಜಜ್ಜಿ ಹೋಗಿತ್ತು. ಕಾಗದದ ಮೇಲೆ ಒತ್ತಿದಾಗ ರಕ್ತದ ಮುದ್ದೆ ಮೂಡಿತೇ ಹೊರತು ಒಂದು ಗೆರೆಯೂ ಮೂಡಲಿಲ್ಲ.

ಅದನ್ನು ಕಂಡು ಅಣ್ಣಾರಾಯ ಹುಚ್ಚನಂತಾದ. ಎದೆಗೆ ಬಿದ್ದ ಏಟಿಗೆ ಧೂಳಪ್ಪ ಬಾನಿಯ ಮೇಲೆಯೇ ಕುಸಿದ. ದನಗಳು ಮನೆಗೆ ಮರಳುವ ಮೊದಲೇ ಅವನ ಉಸಿರು ನಿಂತಿತ್ತು.

ಅಕ್ಕಲಕೋಟದಿಂದ ಪೊಲೀಸ್ ಫೌಜದಾರ ಬಂದ. ಧಣಿಯ ಕಟ್ಟೆಯ ಮೇಲೆ ಕೂತು, ಎತ್ತು ಹಾಯ್ದು ಸತ್ತನೆಂದು ಪಂಚನಾಮೆ ಬರೆಸಿದ.

ಸುಗಲಾಬಾಯಿ ಗಂಡನ ಕೈ ಎತ್ತಿ ಫೌಜದಾರನ ಮುಖದ ಮುಂದೆ ಹಿಡಿದಳು. "ಸಾಹೇಬ್ರ, ಎತ್ತಿಗಿ ಬೆರಳ ಎಣಿಸಿ ಮುರಿಯಾಕ ಬರತದೇನ್ರಿ?"

"ಏ, ಗಪ್ಪ ಬಸ್!" ಎಂದ ಫೌಜದಾರ. ಕಾಗದ ಮಡಚಿ ಎದ್ದುಹೋದ.

ಹದಿಮೂರನೇ ದಿನ ಅಣ್ಣಾರಾಯ ಮೊದಲ ಮೃತ್ಯುಪತ್ರ ಹಿಡಿದು ಊರ ಹೊಲದ ಲೆಕ್ಕ ಬರೆಯುವ ತಲಾಠಿಯ ಬಳಿ ಹೋದ. ಸುಗಲಾಬಾಯಿ ಆಗಲೇ ಅಲ್ಲಿ ಕೂತಿದ್ದಳು. ಪಕ್ಕದಲ್ಲಿ ಸಿದ್ದರಾಮಪ್ಪ ಇದ್ದ. ತಲಾಠಿ ಎರಡೂ ಕಾಗದಗಳ ತಾರೀಖು ನೋಡಿದ. ಬೆವರು ಒರೆಸಿಕೊಂಡು, "ಅಣ್ಣಾರಾಯರ, ನಿಮ್ಮದು ರದ್ದ ಆಗ್ಯದರಿ. ಹೊಲ ಈಗ ಈ ಸುಗಲಾಬಾಯಿದು" ಎಂದ.

ಅಣ್ಣಾರಾಯ ನಕ್ಕ. ಬಾಗಿ ಅವಳ ಕಿವಿಯ ಹತ್ತಿರ ಹೇಳಿದ. "ಇರಲಿ. ನಿನಗ ಮಕ್ಕಳಿಲ್ಲ, ಮರಿ ಇಲ್ಲ, ನಿನ್ನ ಹಿಂದ ಹೊಲ ಕೇಳಾವರ ಯಾರಿಲ್ಲ. ಎತ್ತು ಇನ್ನೂ ಕೊಟ್ಟಿಗ್ಯಾಗ ಅದ."

ಆ ಮಾತು ಕೇಳಿದವಳೇ ಸುಗಲಾಬಾಯಿ ಎದ್ದಳು. ಅವಳು ಮನೆಗೆ ಹೋಗಲಿಲ್ಲ. ನೇರ ನಿಂಗಣ್ಣನ ಗುಡಿಸಲಿಗೆ ಹೋಗಿ ಆರೂ ಆಳುಗಳನ್ನು, ಅವರ ಹೆಂಡಂದಿರನ್ನು ಕರೆಸಿದಳು.

"ನಿಮ್ಮ ಹೆಬ್ಬೆಟ್ಟೂ ಅಂಥಾ ಕಾಗದದ ಮ್ಯಾಲೇ ಬಿದ್ದಾವ. ನೀವೂ ಸತ್ತರ ಅವರಿಗಿ ಲಾಭ. ಬದಕಿದ್ರ ಲುಕ್ಸಾನ. ಈಗ ಏನ ಮಾಡ್ತೀರಿ?"

ಮರುದಿನ ಬೆಳಿಗ್ಗೆ ಎಲ್ಲರೂ ಸೋಲಾಪುರದ ಬಸ್ಸಿಗೆ ನಿಂತಿದ್ದಾಗ ಅಣ್ಣಾರಾಯ ತನ್ನ ಕಡೆಯ ಬೇರೆ ಮಂದಿಯನ್ನು ಕಟ್ಟಿಕೊಂಡು ಬಂದ. ಮೊದಲ ಏಟಿಗೆ ನಿಂಗಣ್ಣನ ಹುಬ್ಬು ಸೀಳಿತು. ಎರಡನೆಯದಕ್ಕೆ ಬಾರುಕೋಲು ಮೇಲೇಳುವಷ್ಟರಲ್ಲಿ ಸುಗಲಾಬಾಯಿ ಅದರ ಬಾರನ್ನು ಹಿಡಿದು ಮುಂಗೈಗೆ ಸುತ್ತಿಕೊಂಡಳು. ತೊಗಲು ಕಿತ್ತರೂ ಬಿಡಲಿಲ್ಲ. ನಿಂಗಣ್ಣನ ಹೆಂಡತಿ ಅಕ್ಕನಾಗಮ್ಮ ಸೀರೆಯ ಸೆರಗಿನಿಂದ ಕುಡಗೋಲು ತೆಗೆದಳು. ಉಳಿದ ಹೆಂಗಸರೂ ತೆಗೆದರು. ಅಣ್ಣಾರಾಯನ ಮುಂಗೈಗೆ ಒಂದು ಬಿತ್ತು. ಅವನು ಚೀರಿದ. ಅವನ ರಕ್ತವನ್ನು ಆ ಊರು ಅಲ್ಲಿಯತನಕ ನೋಡಿರಲಿಲ್ಲ. ಜೊತೆಗೆ ಬಂದವರು ಹಿಂದೆ ಸರಿದರು.

ಬೇವಿನ ಗಿಡದ ಕೆಳಗೆ, ರಕ್ತ ಮೆತ್ತಿದ ಬಟ್ಟೆಯಲ್ಲಿ ನಿಂತ ಗುಂಪನ್ನು ಕಂಡು ಸಿದ್ದರಾಮಪ್ಪನ ಕೈಯ ಲೇಖನಿ ನಿಂತಿತು.

"ಏನಾತು? ಏನ ಬರೀಬೇಕ್ರಿ?"

"ಎಲ್ಲಾರ ಮೃತ್ಯುಪತ್ರ," ಎಂದಳು ಸುಗಲಾಬಾಯಿ. "ಮೊದಲ ನಂದು ಬರೀರಿ. ನನ್ನ ಹಿಂದ ಹೊಲ ಈ ಆರೂ ಮನಿಗಿ ಸಮಪಾಲು."

ನಿಂಗಣ್ಣ ಹುಬ್ಬಿಗೆ ಕಟ್ಟಿದ ಬಟ್ಟೆ ಒತ್ತಿ ಹಿಡಿದು ಮುಂದೆ ಬಂದ. "ನಂದು ನನ್ನ ಹೆಣ್ತಿ ಮಕ್ಕಳಿಗಿ. ಅವರನ್ನೂ ಉಳಸಲಿಲ್ಲಂದ್ರ ಉಳಿದ ಆರೂ ಮನಿಗಿ."

"ನಂದೂ ಹಂಗ," ಎಂದ ಮುಂದಿನವನು. ಅವನ ಹಿಂದಿನವನೂ ಅದನ್ನೇ ಹೇಳಿದ.

ಸಿದ್ದರಾಮಪ್ಪ ಒಬ್ಬೊಬ್ಬರ ಮುಖ ನೋಡಿದ. "ಬರೀತೀನಿ. ಖರೇ, ನಾಳೆ ಅವರು ನಿಮ್ಮನ್ನ ಬಿಟ್ಟಾರೇನು?"

"ಹೊಲ ಬೇಕಂದ್ರ ಈಗ ಏಳೂ ಮನಿ ಕೊಲ್ಲಬೇಕಾಗ್ತದ," ಎಂದಳು ಸುಗಲಾಬಾಯಿ. "ನಾವೂ ಕೈ ಕಟ್ಟಿ ಕುಂದರಾಂಗಿಲ್ಲ. ಬರೀರಿ."