ಮಣ್ಣು ತಾಗದ ಗೆಲುವು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಎದ್ದು ಹೋಗಿ.

ನಮ್ಮ ಫ್ಲಿಯಸ್ ಊರಿನ ಗರಡಿಯಲ್ಲಿ ಅಗಾಸಿಯಾಸ್‌ನನ್ನು ಕೆಡವಿದವರೇ ಇರಲಿಲ್ಲ. ಅವನ ತಮ್ಮ ಫಿಲೋನ್ ನನ್ನ ಗೆಳೆಯ. ಅಪ್ಪ ಸತ್ತ ಮೇಲೆ ಫಿಲೋನ್‌ಗೆ ಎಣ್ಣೆ ತಿಕ್ಕಿ, ಪಟ್ಟು ಕಲಿಸಿ ಬೆಳೆಸಿದ್ದು ಈ ಅಣ್ಣನೇ. ಆದರೆ ಅಭ್ಯಾಸದಲ್ಲಿ ಒಮ್ಮೆಯೂ ಬಿಟ್ಟುಕೊಟ್ಟವನಲ್ಲ. ದಿನಾ ಬೆಳಗ್ಗೆ ತಮ್ಮನನ್ನು ಎತ್ತಿ ಒಗೆದು, "ಏಳೋ ಕಪ್ಪೆ, ಮಣ್ಣಲ್ಲೇ ಸಂಸಾರ ಹೂಡ್ತೀಯಾ?" ಅನ್ನುತ್ತಿದ್ದ. ಫಿಲೋನ್ ಬಾಯೊಳಗಿನ ಮರಳು ಉಗಿದು ನಗುತ್ತಿದ್ದ. ಅವನಿಗಿದ್ದ ಆಸೆ ಒಂದೇ. ಅಣ್ಣನನ್ನು ಒಂದು ಸಲ, ಒಂದೇ ಒಂದು ಸಲ, ನೆಲಕ್ಕೆ ಕೆಡವಬೇಕು.

ಈ ಸಲ ನೆಮೆಯಾದ ದೊಡ್ಡ ಕ್ರೀಡೋತ್ಸವದ ಕುಸ್ತಿಯಲ್ಲಿ ಇಬ್ಬರೂ ಗೆಲ್ಲುತ್ತಾ ಹೋದರು. ಕೊನೆಗೆ ಉಳಿದವರು ಇವರಿಬ್ಬರೇ. ಕ್ರೀಡಾಂಗಣಕ್ಕೆ ಹೋಗುವ ಸುರಂಗದಲ್ಲಿ ಕಾಯುವಾಗ ಫಿಲೋನ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಜೊತೆಗಿದ್ದ ನನಗೆ ಪಿಸುಗುಟ್ಟಿದ. ಹೊಸ ಪಟ್ಟೊಂದನ್ನು ಯೋಚಿಸಿ ಇಟ್ಟುಕೊಂಡಿದ್ದಾನಂತೆ, ಇವತ್ತು ಅಣ್ಣ ಬೀಳುವುದು ಖಂಡಿತವಂತೆ.

ಹೊರಗೆ ಬಂದರು. ಕುಸ್ತಿಗೆ ಮುಂಚೆ ಎಲ್ಲರೂ ಮೈಗೆ ಹಚ್ಚಿಕೊಳ್ಳುವ ಧೂಳನ್ನು ಅಗಾಸಿಯಾಸ್ ಹಚ್ಚಿಕೊಳ್ಳಲೇ ಇಲ್ಲ. ನೇರ ತೀರ್ಪುಗಾರರ ಹತ್ತಿರ ಹೋಗಿ, ತಾನು ಹಿಂದೆ ಸರಿಯುತ್ತೇನೆ ಎಂದ. ಎದುರಾಳಿ ಇಲ್ಲದೆ ಗೆದ್ದವನನ್ನು 'ಮಣ್ಣು ತಾಗದೆ ಗೆದ್ದವನು' ಎಂದು ಸಾರುತ್ತಾರೆ, ಅದು ದೊಡ್ಡ ಮರ್ಯಾದೆ. ಹಾಗೆಯೇ ಸಾರಿದರು. ಫಿಲೋನ್‌ನ ತಲೆಗೆ, ಅಲ್ಲಿ ಗೆದ್ದವರಿಗೆ ಕೊಡುವ ಹಸಿರು ಸೆಲರಿ ಸೊಪ್ಪಿನ ಕಿರೀಟ ಇಟ್ಟರು. ಅಗಾಸಿಯಾಸ್ ಕಣ್ಣೊರೆಸಿಕೊಳ್ಳುತ್ತಾ, ತನಗೆ ಹಿಂದೆಯೇ ಕಿರೀಟ ಸಿಕ್ಕಿದೆ, ಇದು ತಮ್ಮನಿಗಿರಲಿ ಎಂದು ನನ್ನ ಕಿವಿಯಲ್ಲಿ ಹೇಳಿದ.

ಊರು ಮುಟ್ಟುವವರೆಗೂ ಫಿಲೋನ್ ಅಣ್ಣನಿಂದ ದೂರವೇ ನಡೆದ. ಊರವರು ಇಟ್ಟ ಔತಣಕ್ಕೂ ಬರಲಿಲ್ಲ. ಮರುದಿನ ಅಗಾಸಿಯಾಸ್ ಅವನ ಕೈ ಹಿಡಿದು ಗರಡಿಗೆ ಎಳೆದು ತಂದ. ಬಾ, ಈಗಲೇ ಆಡೋಣ, ನಿಜವಾಗಿಯೇ ಆಡುತ್ತೇನೆ ಎಂದು ಅಂಗಲಾಚಿದ.

ಫಿಲೋನ್ ಕೈ ಬಿಡಿಸಿಕೊಂಡ. "ಇನ್ಮೇಲೆ ನೀನು ಬಿದ್ರೂ ನಂಗೆ ನಂಬಿಕೆ ಬರಲ್ಲಣ್ಣ. ಬೇಕಂತಲೇ ಬಿದ್ದೆ ಅನ್ಸುತ್ತೆ."



ಸ್ವಲ್ಪ ದಿನಕ್ಕೇ ಫಿಲೋನ್ ಕೊರಿಂಥ್ ಬಂದರಿನಲ್ಲಿ ದೂರದ ಸಿಸಿಲಿಗೆ ಹೋಗುವ ಹಡಗು ಹತ್ತಿದ. ಹತ್ತುವ ಮುಂಚೆ ಅಣ್ಣ ತಬ್ಬಿಕೊಂಡ, ಫಿಲೋನ್‌ನ ಕೈ ಮೇಲೇಳಲಿಲ್ಲ. ಹೋದವನಿಂದ ಸುದ್ದಿಯೇ ಇಲ್ಲ. ಅಗಾಸಿಯಾಸ್ ಕುಸ್ತಿ ಬಿಟ್ಟ. ನನ್ನನ್ನು ಕಂಡಾಗಲೆಲ್ಲ, ತಾನು ಪ್ರೀತಿಯಿಂದ ಮಾಡಿದ್ದಲ್ಲವಾ ಎಂದು ಕೇಳುತ್ತಾನೆ. ಪ್ರೀತಿಯಿಂದಲೇ ಮಾಡಿದ್ದು, ಅದನ್ನೇ ನನಗೆ ತಡೆದುಕೊಳ್ಳಲು ಆಗುವುದಿಲ್ಲ. ಆ ಅಣ್ಣನ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?