ಜಗದಾಂಬಾ ಕೈಯಲ್ಲಿ ಇದ್ದದ್ದು

ಮುಂದಿನ ಸೀಟಿನವನ ಚಪ್ಪಲಿ ಇನ್ನೇನು ಬೀಳುತ್ತದೆ, ನಿದ್ದೆಯಲ್ಲಿ ಕಾಲನ್ನು ದಾರಿಗೆ ಚಾಚಿಕೊಂಡಿದ್ದಾನೆ, ಹೆಬ್ಬೆರಳೊಂದೇ ಅದನ್ನು ಹಿಡಿದುಕೊಂಡಿದೆ, ಬಸ್ಸು ಕುಲುಕಿದಾಗಲೆಲ್ಲ ಅದು ಜೋಲಿ ಹೊಡೆದು ಮತ್ತೆ ಅಂಗಾಲಿಗೆ ಬಂದು ತಾಗುತ್ತದೆ, ನೋಡಬಾರದು ಅಂದುಕೊಂಡೇ ಸುಮನಾ ನೋಡುತ್ತಿದ್ದಾಳೆ — ಟಿಕೆಟ್ ಟಿಕೆಟ್, ಯಾರ್ರೀ ಶಂಕರಘಟ್ಟ, ತಗೊಂಡಾಯ್ತು ಕಣಪ್ಪ, ಜನ್ನಾಪುರದಲ್ಲೇ ತಗೊಂಡೆ — ಮಡಿಲಲ್ಲಿ ಬ್ಯಾಗು, ಬ್ಯಾಗಿನ ಮೇಲೆ ಊಟದ ಡಬ್ಬಿ, ಡಬ್ಬಿಯ ಕೆಳಗೆ ಸುರುಳಿ ಸುತ್ತಿದ ಕಾಗದ, ಅದೇ ಕಳೆದ ವಾರದ ಬ್ಲಾಗು. ಬ್ಲಾಗು ಅಂದರೆ ಕಂಪ್ಯೂಟರಿನಲ್ಲಿ ಓದುವುದು ಅಂತ ಲೋಕಕ್ಕೆಲ್ಲ ಗೊತ್ತು, ಜನ್ನಾಪುರದವರಿಗೆ ಮಾತ್ರ ಅದು ನಾಗಯ್ಯನ ಹಾಲಿನ ಬೂತಿನ ಗೋಡೆಯ ಮೇಲೆ ಓದುವುದು. ಬ್ಯಾಂಕಿನ ವಿಜಯಕುಮಾರ್ ಶುರು ಮಾಡಿದ್ದು, ನಮ್ ಏರಿಯಾದೋರೇ ಬರೀಬೇಕು ನಮ್ ಏರಿಯಾದೋರೇ ಓದ್ಬೇಕು ಅಂತ, ಬರೆಯುವುದಕ್ಕೆ ರಿಟೈರಾದವರು ಬೇಕಾದಷ್ಟು ಸಿಕ್ಕಿದರು, ಓದುವುದಕ್ಕೆ ಯಾರ ಮನೆಯಲ್ಲೂ ಇಂಟರ್ನೆಟ್ ಇರಲಿಲ್ಲ. ಅದಕ್ಕೇ ಈ ಏರ್ಪಾಡು — ಅವರು ಕಾಗದದಲ್ಲಿ ಬರೆದುಕೊಡುವುದು, ಯೂನಿವರ್ಸಿಟಿ ಗೇಟಿನೆದುರು ಟೈಪಿಂಗ್ ಅಂಗಡಿಯಲ್ಲಿ ಹುಡುಗರ ಥೀಸಿಸ್ ಕುಟ್ಟುವ ಸುಮನಾ ಅದನ್ನೂ ಕುಟ್ಟಿ ಬ್ಲಾಗಿಗೆ ಹಾಕುವುದು, ಹಾಕಿದ್ದನ್ನು ಮತ್ತೆ ಪ್ರಿಂಟು ತೆಗೆದು ತರುವುದು, ನಾಗಯ್ಯ ಅದನ್ನು ರಟ್ಟಿಗೆ ಕ್ಲಿಪ್ಪು ಹಾಕಿ ಗೋಡೆಗೆ ತೂಗುಹಾಕುವುದು, ಪಕ್ಕದಲ್ಲಿ ಸೆಣಬಿನ ದಾರಕ್ಕೆ ಕಟ್ಟಿದ ಬಾಲ್‌ಪೆನ್ನು, ಹಾಲಿಗೆ ಬಂದವರು ಓದಿ ಅಂಚಿನಲ್ಲಿ ಗೀಚುವುದು, ಸೋಮವಾರ ಆ ಗೀಚಿದ್ದನ್ನೆಲ್ಲ ಸುಮನಾ ಕಾಮೆಂಟು ಅಂತ ವಾಪಸ್ ಬ್ಲಾಗಿಗೆ ಕುಟ್ಟುವುದು. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಮೂರನೇ ಕ್ರಾಸಿಗೆ ನೀರು ಯಾವಾಗ ಬಿಡ್ತಾರೆ. ಒಂದನ್ನೂ ಬಿಡಬೇಡಿ ಸುಮನಾ, ನಮ್ಮಷ್ಟು ಕಾಮೆಂಟು ಬೆಂಗಳೂರಿನ ಬ್ಲಾಗುಗಳಿಗೂ ಬರಲ್ಲ, ಅನ್ನುತ್ತಾನೆ ವಿಜಯಕುಮಾರ್, ಅವಳು ಒಂದನ್ನೂ ಬಿಟ್ಟಿಲ್ಲ, ನೀರಿನದ್ದನ್ನೂ ಬಿಟ್ಟಿಲ್ಲ, ಇವತ್ತಿನವರೆಗೆ.

ಚಪ್ಪಲಿ ಇನ್ನೂ ಬಿದ್ದಿಲ್ಲ. ಬೆಳಿಗ್ಗೆ ರೊಟ್ಟಿ ಒಂದು ಕಡೆ ಸೀದಿತ್ತು, ಮಗಳು ಸ್ಫೂರ್ತಿಯ ಡಬ್ಬಿಗೆ ಸೀಯದ್ದು ಹಾಕಿ ಸೀದದ್ದನ್ನು ತಾನು ಕಟ್ಟಿಕೊಂಡಳು, ಗಂಡ ವಿಶ್ವಾರಾಧ್ಯ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗಿದ್ದ, ಮಾವ ಜಗಲಿಯ ಕುರ್ಚಿಯಲ್ಲಿ ಆಗಲೇ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೂತಿದ್ದರು — ಮಾವ ಷಡಕ್ಷರಪ್ಪನವರು, ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿ ರಿಟೈರಾದವರು, ಬ್ಲಾಗಿನ ಮೊದಲ ಲೇಖಕರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ, ಕಾರ್ಖಾನೆಯ ಸೈರನ್ ಬಗ್ಗೆ ಬರೆದರು, ಎಲೆಕ್ಷನ್ ಪೋಸ್ಟರುಗಳನ್ನೆಲ್ಲ ತಿಂದುಹಾಕಿದ ಹೋರಿಯ ಬಗ್ಗೆ ಬರೆದರು, ಜನ ನಕ್ಕರು, ಮುಂದಿನ ಸರದಿಗೆ ಮತ್ತೆ ಅದೇ ಹೋರಿ ಬಂತು, ಅದೇ ಪೋಸ್ಟರು, ಒಂದಕ್ಷರ ಆಚೀಚೆ ಇಲ್ಲ. ವಯಸ್ಸಾಯ್ತು ಬಿಡೇ ಅಂದ ವಿಶ್ವಾರಾಧ್ಯ. ಅವಳು ಬಿಟ್ಟಳು, ಹೋರಿಯನ್ನು ಬಿಟ್ಟು ಭದ್ರಾ ನಾಲೆಯ ಬಗ್ಗೆ ತಾನೇ ನಾಲ್ಕು ಮಾತು ಬರೆದು ಮಾವನ ಹೆಸರು ಹಾಕಿದಳು, ಮಾವ ಬೂತಿನಲ್ಲಿ ಅದನ್ನು ಬೆರಳಿಟ್ಟು ಓದಿ ಬಂದು ತಾವೇ ಬರೆದವರ ಹಾಗೆ ನಾಲೆ ಬಗ್ಗೆ ಇನ್ನೂ ಬರೀಬಹುದಿತ್ತು ಅಂದರು. ಅಷ್ಟರಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಯಿತೋ ಏನೋ, ಕೆಲಸ ಇತ್ತು. ಆಮೇಲೆ ಬಂದದ್ದು ನಾವು ಜನ್ನಾಪುರಕ್ಕೆ ಬಂದದ್ದು ಅನ್ನುವ ಲೇಖನ — ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆಗೆ, ಹಾಲು ಉಕ್ಕಿಸುವ ಮುಹೂರ್ತ ಬೆಳಿಗ್ಗೆ ಹತ್ತಕ್ಕೆ, ಬಸ್ಸು ದೂರದಲ್ಲೇ ಇಳಿಸಿತು, ದಾರಿಗೆ ಹೊಸದಾಗಿ ಜಲ್ಲಿ ಸುರಿದಿದ್ದರು, ನಾನು ಮುಂದೆ ಜಗದಾಂಬಾ ಹಿಂದೆ, ಜಗದಾಂಬಾ ಕೈಯಲ್ಲಿ. ಅಲ್ಲಿಗೆ ನಿಂತಿತ್ತು. ಒಂದು ಚುಕ್ಕಿಯೂ ಇಲ್ಲ, ಕೆಳಗೆ ಅರ್ಧ ಹಾಳೆ ಖಾಲಿ. ಮಾವ, ಅತ್ತೆ ಕೈಯಲ್ಲಿ ಏನಿತ್ತು. ಬರೆದಿದೀನಲ್ಲ. ಇಲ್ಲ ಮಾವ, ಇಲ್ಲಿಗೇ ನಿಂತಿದೆ. ಬರೆದಿದೀನಿ ಕಣಮ್ಮ, ಸರಿಯಾಗಿ ನೋಡು — ಅಂದವರು ರೇಡಿಯೋ ತಿರುಗಿಸಿದರು.

ಅಂಗಡಿಯಲ್ಲಿ ಕರೆಂಟು ಹೋಗುವುದಕ್ಕೆ ಮುಂಚೆ ಮುಗಿಸಬೇಕಿತ್ತು, ಥೀಸಿಸ್ ಹುಡುಗ ಬೆನ್ನ ಹಿಂದೆ ನಿಂತು ಮೇಡಂ ನಂದು ಮೇಡಂ ನಂದು ಅನ್ನುತ್ತಿದ್ದ, ಅವಳು ಯೋಚನೆ ಮಾಡಲಿಲ್ಲ, ಜಗದಾಂಬಾ ಕೈಯಲ್ಲಿ ಲಾಟೀನು ಅಂತ ಕುಟ್ಟಿದಳು. ಹೊಸ ಮನೆ, ಕರೆಂಟು ಬಂದಿರಲಿಕ್ಕಿಲ್ಲ, ಹೆಂಗಸು ಮೊದಲು ಹಿಡಿದುಕೊಳ್ಳುವುದು ಅದನ್ನೇ ತಾನೆ, ಗಾಜು ಸೀಳಿತ್ತು, ಸೀಳಿಗೆ ಕಾಗದ ಅಂಟಿಸಿತ್ತು ಅಂತಲೂ ಸೇರಿಸಿದಳು, ಆ ಸೀಳು ಅವಳ ತವರಿನ ಲಾಟೀನಿನದ್ದು, ಕಾಗದ ಅಂಟಿಸಿದ್ದು ಅವಳ ಅವ್ವ. ಲೇಖನದಲ್ಲಿ ಮಿಕ್ಕ ಯಾವುದೂ ಯಾರಿಗೂ ನೆನಪಾಗಲಿಲ್ಲ, ಎಲ್ಲರಿಗೂ ಲಾಟೀನೇ ಹಿಡಿಸಿತು, ನಾಗಯ್ಯ ಹಾಲು ಅಳೆಯುತ್ತ ನಿಮ್ಮಾವ ಕಣ್ಣಲ್ಲಿ ನೀರು ತರಿಸಿಬಿಟ್ರು ಕಣಮ್ಮ ಅಂದ, ಮಾವ ಬೂತಿನ ಮುಂದೆ ನಿಂತು ಆ ಸಾಲಿನ ಮೇಲೆ ಬೆರಳಿಟ್ಟು ತುಟಿ ಆಡಿಸಿದರು, ಮತ್ತೊಮ್ಮೆ ಆಡಿಸಿದರು. ಬ್ಲಾಗಿಗೆ ವರ್ಷ ತುಂಬಿತು ಅಂತ ವಿಜಯಕುಮಾರ್ ತಾರಸಿಯ ಮೇಲೆ ಎಲ್ಲರನ್ನೂ ಕರೆದ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ, ಒಬ್ಬೊಬ್ಬರೂ ತಮ್ಮ ಲೇಖನ ಓದಿದರು, ಮಾವ ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡು ಬಾಯಲ್ಲೇ ಹೇಳಿದರು — ನಾನು ಮುಂದೆ ಜಗದಾಂಬಾ ಹಿಂದೆ, ಜಗದಾಂಬಾ ಕೈಯಲ್ಲಿ ಲಾಟೀನು, ಅದರ ಬೆಳಕು ಜಲ್ಲಿ ಮೇಲೆ ಬೀಳೋದು, ನನ್ನ ನೆರಳು ನನ್ನ ಮುಂದೆ ಹೋಗೋದು. ಬೆಳಿಗ್ಗೆ ಹತ್ತಕ್ಕೆ ಯಾಕೆ ಲಾಟೀನು ಹಚ್ಚಿದ್ದರು ಅಂತ ಯಾರೂ ಕೇಳಲಿಲ್ಲ. ಚಪ್ಪಾಳೆ ತಟ್ಟಿದರು. ಸುಮನಾ ಬರೆದ ಲಾಟೀನು ಹಚ್ಚಿರಲಿಲ್ಲ, ಹಚ್ಚಿದ್ದು ಮಾವ. ಮನೆಗೆ ಬಂದಮೇಲೆ ಆ ಲಾಟೀನು ಅಟ್ಟದ ಮೇಲಿರಬೇಕು ನೋಡಮ್ಮ ಅಂದರು, ಸಿಗಲಿಲ್ಲ ಮಾವ ಅಂದಳು, ಸಿಗುತ್ತೆ, ಗಾಜು ಮಾತ್ರ ಹೊಸದು ಬೇಕು, ಶಿವಮೊಗ್ಗಕ್ಕೆ ಹೋದಾಗ ತಾ. ಸ್ಫೂರ್ತಿಯ ಯೂನಿಫಾರಂ ಬಟ್ಟೆಗೆ ಅಂತ ಅಲ್ಲಿನ ಗಾಂಧಿ ಬಜಾರಿಗೆ ಹೋದವಳು ಪಾತ್ರೆ ಅಂಗಡಿಯ ಮುಂದೆ ನಿಂತು ಕೇಳಿಯೂ ಬಿಟ್ಟಳು. ಯಾವ ಸೈಜಮ್ಮ. ಎರಡೂ ಕೈಯಲ್ಲಿ ತೋರಿಸಿದಳು, ಅವ್ವನ ಲಾಟೀನಿನ ಅಳತೆ. ಹಂಗೆಲ್ಲ ಅಂದಾಜಲ್ಲಿ ಕೊಟ್ರೆ ಕೂರಲ್ಲ ತಾಯಿ, ಲಾಟೀನೇ ತಗೊಂಡ್ ಬನ್ನಿ. ಆಯ್ತು ಅಂದಳು. ಆಯ್ತು ಅಂತ ಯಾಕೆ ಅಂದೆ ಅಂತ ಬಸ್‌ಸ್ಟ್ಯಾಂಡಿನವರೆಗೂ ಅಂದುಕೊಳ್ಳುತ್ತ ಬಂದಳು.

ನಿನ್ನೆ ಸಂಜೆ ರಟ್ಟಿನಿಂದ ಹಾಳೆ ಬಿಚ್ಚುವಾಗ ನೋಡಿದ್ದು, ಕೆಳಗಿನ ಅಂಚಿನಲ್ಲಿ ಓರೆ ಅಕ್ಷರ — ಲಾಟೀನು ಅಲ್ಲ, ನಾನು ಗೇಟಿನಲ್ಲೇ ನಿಂತಿದ್ದೆ, ಸುಭದ್ರಮ್ಮ. ಎದುರು ಮನೆಯ ಸುಭದ್ರಮ್ಮ, ಆ ಬೀದಿಗೆ ಎಲ್ಲರಿಗಿಂತ ಮೊದಲು ಬಂದವರು, ಮಂಡಿ ನೋವು ಅಂತ ತಾರಸಿಗೆ ಹತ್ತಿ ಬಂದಿರಲಿಲ್ಲ. ಸುಮನಾ ನೇರ ಅಲ್ಲಿಗೇ ಹೋದಾಗ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ಬಾ ಕೂತ್ಕೋ, ಸುಮ್ನೆ ಕೂರ್ಬೇಡ, ಒಂದ್ ಹಿಡಿ ಬಿಡಿಸು, ಯಾರೇ ಮಾರಾಯ್ತಿ ಆ ಲಾಟೀನು ಹೊತ್ಕೊಂಡ್ ಬಂದಿದ್ದು, ನೀನೋ ನಿಮ್ಮಾವನೋ. ಸುಮನಾ ಕಾಯಿ ಬಿಡಿಸಿದಳು. ಕೇಳು, ನಿಮ್ಮಾವ ಕಾರ್ಖಾನೇಲಿ ಕಾಲಿನ ಮೇಲೆ ಕಬ್ಬಿಣ ಬೀಳಿಸ್ಕೊಂಡು ಪಟ್ಟಿ ಕಟ್ಟಿಸ್ಕೊಂಡಿದ್ರು, ಬಸ್ ಇಳೀತಿದ್ದಂಗೆ ಇನ್ನೊಂದ್ ಕಾಲಿನ ಚಪ್ಪಲಿ ಉಂಗುಟ ಕಿತ್ತೋಯ್ತಂತೆ, ಜಲ್ಲಿ ಮೇಲೆ ಆ ಕಾಲಲ್ಲಿ ಹೆಂಗ್ ನಡೀತಾರೆ, ಮುಹೂರ್ತ ಬೇರೆ ಮೀರ್ತಿತ್ತು, ನಿಮ್ಮತ್ತೆ ತನ್ ಚಪ್ಪಲಿ ಬಿಚ್ಚಿ ಹಾಕ್ಕೊಳ್ಳಿ ಅಂದ್ಳಂತೆ. ಹಾಕ್ಕೊಂಡೇ ಬಂದ್ರು ಕಣೆ, ಕೆಂಪು ಪಟ್ಟಿ ಹೆಂಗಸ್ರ ಚಪ್ಪಲಿ, ಹಿಮ್ಮಡಿ ಅರ್ಧ ಆಚೆ, ಇಸ್ತ್ರಿ ಪಂಚೆ, ಮುಖ ಗಂಟು. ಅವಳು ಹಿಂದೆ ಬರಿಗಾಲಲ್ಲಿ, ನಿಮ್ಮಾವನ ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡ್ಕೊಂಡು, ಕಳಶ ಹಿಡ್ದಂಗೆ. ನಾನು ಗೇಟಲ್ಲಿ ನಿಂತು ನಕ್ಬಿಟ್ಟೆ. ನಿಮ್ಮಾವ ವರ್ಷ ಮಾತಾಡ್ಲಿಲ್ಲ ನನ್ಹತ್ರ. ಅವಳು ಮಾತ್ರ ಅವತ್ತು ಸಂಜೇನೇ ಸಕ್ಕರೆ ಕೇಳೋಕೆ ಬಂದ್ಳು, ಅಂಗಾಲೆಲ್ಲ ಕಿತ್ತೋಗಿತ್ತು, ಯಾರ್ಗೂ ಹೇಳ್ಬೇಡಿ ಅಕ್ಕಾ ಅಂದ್ಳು. ಹೇಳಿರ್ಲಿಲ್ಲ. ಈಗ ಅವಳೇ ಇಲ್ಲ. ಹಾಕ್ತೀಯೋ ಬಿಡ್ತೀಯೋ ನಿಂಗೆ ಬಿಟ್ಟಿದ್ದು, ಲಾಟೀನು ಮಾತ್ರ ಅವಳ ಕೈಗೆ ಕೊಡ್ಬೇಡ ಮಾರಾಯ್ತಿ, ಸೀಮೆಎಣ್ಣೆ ವಾಸನೆ ಬಂದ್ರೆ ಮೂಗು ಮುಚ್ಕೊಳ್ತಿದ್ಲು. ಇದ್ಯಾವ ಜಗದಾಂಬಾ — ಸುಮನಾಗೆ ಗೊತ್ತಿದ್ದ ಅತ್ತೆ ಚಪ್ಪಲಿಯನ್ನು ಗೇಟಿನಿಂದಾಚೆ ಬಿಡಿಸುತ್ತಿದ್ದವರು, ಮದುವೆಯಾದ ಹೊಸದರಲ್ಲಿ ಅವಳು ಚಪ್ಪಲಿಯನ್ನು ಕೈಯಲ್ಲೆತ್ತಿ ಬಿಸಿಲಿನಿಂದ ನೆರಳಿಗೆ ಇಟ್ಟದ್ದಕ್ಕೆ ಆ ಕೈಯಲ್ಲಿ ಒಳಗೆ ಬರಬೇಡ, ತೊಳ್ಕೊಂಡು ಬಾ ಅಂದವರು, ಹತ್ತು ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತರೂ ಅವರ ಅಂಗಾಲು ಹೇಗಿತ್ತು ಅಂತ ಇವಳು ನೋಡಿಲ್ಲ. ಅದೇ ಕೈಯಲ್ಲಿ ಹಾಲು ಉಕ್ಕಿಸಿದರೋ, ತೊಳೆದುಕೊಂಡು ಉಕ್ಕಿಸಿದರೋ, ತೊಳೆದುಕೊಳ್ಳುವುದಕ್ಕೆ ನೀರು ಎಲ್ಲಿತ್ತು.

ಕಾಲುವೆ ಬಂತು, ನೀರು ಬಿಟ್ಟಿದ್ದಾರೆ, ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದಾರೆ, ಮುಂದಿನವನು ಇನ್ನೂ ಎದ್ದಿಲ್ಲ. ಅದನ್ನು ನೋಡಿದ ಕಣ್ಣು ಇನ್ನು ಎರಡೇ ಉಳಿದಿವೆ ಅಂತ ಅವಳಿಗೆ ಅನ್ನಿಸಿತು, ಒಂದು ಎದುರು ಮನೆಯಲ್ಲಿದೆ, ಇನ್ನೊಂದು ಜಗಲಿಯ ಕುರ್ಚಿಯಲ್ಲಿದೆ, ಕುರ್ಚಿಯಲ್ಲಿರುವುದರೊಳಗೆ ತಾನೇ ಲಾಟೀನು ಇಟ್ಟು ಬಂದಿದ್ದಾಳೆ, ತೆಗೆಯುವುದಕ್ಕೆ ಬರುತ್ತದೋ ಇಲ್ಲವೋ. ಅದಕ್ಕೇ ಬೆಳಿಗ್ಗೆ ಹೊರಡುವ ಮುಂಚೆ ಕಾಫಿ ಲೋಟ ಕೊಡುತ್ತ, ಗಟ್ಟಿಯಾಗಿ ಅಲ್ಲ, ಸಾರಿಗೆ ಉಪ್ಪು ಸಾಕಾ ಅಂತ ಕೇಳುವ ಹಾಗೆ ಕೇಳಿದಳು. ಮಾವ, ಅವತ್ತು ಹಾಲು ಉಕ್ಕಿಸೋಕೆ ಬರುವಾಗ ನಿಮ್ಮ ಚಪ್ಪಲಿ ಕಿತ್ತೋಗಿತ್ತಂತೆ. ಯಾರದ್ದು. ನಿಮ್ಮದು. ನನ್ನ ಚಪ್ಪಲಿ ಯಾಕೆ ಕೀಳುತ್ತೆ ಅಂದರು, ಲೋಟದಿಂದ ಒಂದು ಗುಟುಕು ಕುಡಿದರು, ಬೀದಿಯ ಕಡೆ ನೋಡಿದರು, ಎದುರು ಗೇಟಿನ ಕಡೆ ನೋಡಿದರೋ ಏನೋ, ಆಮೇಲೆ ಕಾಲುಗಳೆರಡನ್ನೂ ಮೆಲ್ಲಗೆ ಕುರ್ಚಿಯ ಕೆಳಕ್ಕೆ ಎಳೆದುಕೊಂಡರು, ಪಂಚೆಯ ಅಂಚು ಕೆಳಗೆ ಬಿಟ್ಟು ಮುಚ್ಚಿಕೊಂಡರು. ಲಾಟೀನು ಗಾಜು ತಂದ್ಯಾ. ಇನ್ನೂ ಇಲ್ಲ ಮಾವ. ಕಾಲು ಎಳೆದುಕೊಂಡದ್ದು ಅವತ್ತಿನದು ಮರೆತದ್ದಕ್ಕೋ ನೆನಪಾಗಿಯೋ, ಅವತ್ತು ಪೆನ್ನು ಅಲ್ಲಿ ನಿಂತದ್ದು ಮುಂದಿನದು ಮರೆತುಹೋಗಿಯೋ ಅಥವಾ ಮುಂದಿನದು ಕಣ್ಣಿಗೆ ಕಟ್ಟಿ ಬರೆಯಲಾರದೆಯೋ, ಚಳಿ ಇರಬಹುದು, ಬೆಳಗಿನ ಹೊತ್ತು ಸಿಮೆಂಟು ನೆಲ ತಣ್ಣಗಿರುತ್ತದೆ, ಬಸ್ಸಿಗೆ ಹೊತ್ತಾಗಿತ್ತು, ಬಂದುಬಿಟ್ಟಳು. ಸುಭದ್ರಮ್ಮನ ಸಾಲನ್ನು ಬ್ಲಾಗಿಗೆ ಹಾಕಿದರೆ ಮುಂದಿನ ಪ್ರಿಂಟಿನಲ್ಲಿ ಬರುತ್ತದೆ, ಮಾವ ಬೂತಿನ ಮುಂದೆ ಹತ್ತು ಜನರ ನಡುವೆ ಬೆರಳಿಟ್ಟು ಓದುತ್ತಾರೆ. ಹಾಕದಿದ್ದರೆ ಲಾಟೀನು ಉಳಿಯುತ್ತದೆ, ಜಗದಾಂಬಾ ಸೀಮೆಎಣ್ಣೆ ವಾಸನೆಯಲ್ಲೇ ಹಿಂದೆ ಬರುತ್ತಿರುತ್ತಾರೆ, ಚಪ್ಪಲಿ ಹಾಕಿಕೊಂಡು, ಆರಾಮಾಗಿ.

ಶಂಕರಘಟ್ಟ ಶಂಕರಘಟ್ಟ, ಇಳೀರಿ ಇಳೀರಿ. ಮುಂದಿನವನು ಎದ್ದ, ಕಣ್ಣು ಇನ್ನೂ ಸರಿಯಾಗಿ ಬಿಟ್ಟಿಲ್ಲ, ಚಪ್ಪಲಿ ಯಾವಾಗಲೋ ಸೀಟಿನಡಿ ಬಿದ್ದು ಹೊರಳಿತ್ತು, ಅವನ ಕಾಲು ಒಂದು ಸಲ ತಡಕಿ ಅದನ್ನು ಹುಡುಕಿ ತೂರಿಕೊಂಡಿತು, ಅವನು ಬಗ್ಗಿ ನೋಡಲೇ ಇಲ್ಲ, ಇಳಿದು ಹೋದ. ಅಂಗಡಿಯ ಶಟರು, ಧೂಳು, ಕಂಪ್ಯೂಟರು ಹೊತ್ತಿಕೊಳ್ಳುವ ತನಕ ಒಂದು ಲೋಟ ನೀರು, ಮೇಡಂ ನನ್ನ ಮೂರನೇ ಅಧ್ಯಾಯ, ಐದು ನಿಮಿಷ ಇರಪ್ಪ. ಸುರುಳಿ ಬಿಚ್ಚಿ ಎರಡೂ ತುದಿಗೆ ಊಟದ ಡಬ್ಬಿ ನೀರಿನ ಬಾಟಲಿ ಇಟ್ಟಳು. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಲಾಟೀನು ಓದಿ ನಮ್ಮಮ್ಮನ ನೆನಪಾಯಿತು. ಮೂರನೇ ಕ್ರಾಸಿಗೆ ನೀರು ಇನ್ನೂ ಬಂದಿಲ್ಲ. ಎಲ್ಲವನ್ನೂ ಕುಟ್ಟಿದಳು, ಕೆಳಗಿನ ಅಂಚಿಗೆ ಬಂದಳು, ಲಾಟೀನು ಅಲ್ಲ, ಕುಟ್ಟಿದಳು, ನಾನು ಗೇಟಿನಲ್ಲೇ ನಿಂತಿದ್ದೆ, ಕುಟ್ಟಿದಳು, ಬರೆದದ್ದು ಅಷ್ಟೇ, ಅಲ್ಲಿಗೆ ಹೆಸರು ಹಾಕಿ ಮುಗಿಸಬಹುದು, ಬೆರಳು ನಿಲ್ಲಲಿಲ್ಲ, ಷಡಕ್ಷರಪ್ಪ ಮುಂದೆ ಜಗದಾಂಬಾ ಹಿಂದೆ, ಜಗದಾಂಬಾ ಕೈಯಲ್ಲಿ — ಪರದೆಯ ಮೇಲೆ ಗೆರೆ ಮಿಣುಕುತ್ತಿದೆ, ಮೇಡಂ ಅನ್ನುತ್ತಿದ್ದಾನೆ ಹುಡುಗ, ಜಲ್ಲಿಯ ಮೇಲೆ ಬರಿಗಾಲು, ಕಾಲಿನ ಕಡೆ ನೋಡದೆ ಮುಂದಿನವರ ಹಿಮ್ಮಡಿಯನ್ನೇ ನೋಡುತ್ತ ಬರುವ ಹೆಂಗಸು, ಕಳಶ ಹಿಡಿದ ಹಾಗೆ ಎತ್ತಿ ಹಿಡಿದ ಎರಡು ದೊಡ್ಡ ಚಪ್ಪಲಿ, ಒಂದರ ಉಂಗುಟ ಕಿತ್ತು ಜೋತಾಡುತ್ತಿದೆ, ಎದುರು ಗೇಟಿನಿಂದ ನಗು, ಮುಂದಿನವರು ತಿರುಗಿ ನೋಡುವುದಿಲ್ಲ, ಕುರ್ಚಿಯ ಕೆಳಕ್ಕೆ ಸರಿಯುವ ಎರಡು ಪಾದ, ಜಗದಾಂಬಾ ಕೈಯಲ್ಲಿ, ಮಿಣುಕುವ ಗೆರೆ, ಜಗದಾಂಬಾ ಕೈಯಲ್ಲಿ